ಇಪ್ಪತ್ತೇಳನೇ ಪೆಟ್ಟಿಗೆ

ಇಪ್ಪತ್ತೇಳನೇ ಪೆಟ್ಟಿಗೆಯ ಮೂಲೆಯಲ್ಲಿ ಒಂದು ಮುಷ್ಟಿಯಷ್ಟು ಜಾಗ ಖಾಲಿ ಉಳಿಯಿತು. ನಿಶಾ ಟವೆಲನ್ನು ಬಿಚ್ಚಿ ಮತ್ತೆ ಮಡಿಸಿದಳು. ಸೋಪನ್ನು ಅತ್ತಿತ್ತ ಸರಿಸಿದಳು. ಜಾಗ ಮಾತ್ರ ಹಾಗೇ ಇತ್ತು.

ನಿಶಾಳ ಮನೆಯವರು ನೆಲೆಸಿದ್ದ ವಿದೇಶದ ಊರು ರೊಟೊಟೂನ. ಅಲ್ಲಿನ ಸಮುದಾಯ ಭವನದಲ್ಲಿ ಅಂದು ಕಾಲಿಡಲೂ ಎಡೆಯಿರಲಿಲ್ಲ. ದೂರದ ಒಂದು ದೇಶದಲ್ಲಿ ಯುದ್ಧ ನಡೆಯುತ್ತಿತ್ತು. ಮುಂದಿನ ವಾರ ಏಳು ದಿನ ಗುಂಡು ಹಾರಿಸುವುದಿಲ್ಲ ಎಂದು ಎರಡೂ ಕಡೆಯವರು ಒಪ್ಪಿದ್ದರು. ಆ ಏಳು ದಿನಗಳೊಳಗೆ ಅಲ್ಲಿನ ಎಳೆಯ ಕೂಸುಗಳಿಗೆ ಈ ನಲವತ್ತು ಪೆಟ್ಟಿಗೆಗಳು ತಲುಪಬೇಕಿತ್ತು. ನಿಶಾಳ ಅಮ್ಮ ವೇದಾ ನರ್ಸ್. ಡಾಕ್ಟರುಗಳ ತಂಡದ ಜೊತೆ ಅವಳೂ ಹೊರಟಿದ್ದಳು.

ಗೋಡೆಯ ಮೇಲೆ, ಪ್ಯಾಕಿಂಗ್ ನೋಡಿಕೊಳ್ಳುತ್ತಿದ್ದ ಜಯಂತ ಅಂಕಲ್ ದೊಡ್ಡ ಅಕ್ಷರದಲ್ಲಿ ಪಟ್ಟಿ ಬರೆದು ಅಂಟಿಸಿದ್ದರು. ಡೈಪರ್, ಸೋಪು, ಟವೆಲು, ಟೋಪಿ, ಸೀಲ್ ಒಡೆಯದ ಹಾಲಿನ ಪುಡಿ. ಪಟ್ಟಿಯಲ್ಲಿಲ್ಲದ ಒಂದು ಗುಂಡುಸೂಜಿಯೂ ಬೇಡ ಎಂದು ಬೆಳಿಗ್ಗೆಯಿಂದ ಹತ್ತು ಸಲ ಹೇಳಿದ್ದರು.

ಆದರೆ ನಿಶಾಳ ಮನೆಯಲ್ಲಿ ಯಾರಿಗೂ ಖಾಲಿ ಡಬ್ಬಿ ಕೊಡುವ ಪದ್ಧತಿಯೇ ಇಲ್ಲ. ಪಕ್ಕದ ಮನೆಯವರ ಕೇಕಿನ ಡಬ್ಬಿಯನ್ನು ಹಿಂದಿರುಗಿಸುವಾಗಲೂ ಅಮ್ಮ ಅದರಲ್ಲಿ ನಾಲ್ಕು ಚಕ್ಕುಲಿಯನ್ನಾದರೂ ಇಡುತ್ತಾಳೆ. ಅಂಥದ್ದರಲ್ಲಿ ಪಾಪುವಿಗೆ ಕಳಿಸುವ ಪೆಟ್ಟಿಗೆಯಲ್ಲಿ ಜಾಗ ಖಾಲಿ ಬಿಡುವುದೇ?

ಪಕ್ಕದಲ್ಲೇ ವಸಂತಾ ಆಂಟಿಯ ಬ್ಯಾಗಿತ್ತು. ರೊಟೊಟೂನದ ಕನ್ನಡದವರ ಮನೆಯಲ್ಲಿ ಕೂಸು ಹುಟ್ಟಿತೆಂದರೆ ಆಂಟಿ ರಾಗಿ ನೆನೆಸಿ, ಮೊಳಕೆ ಕಟ್ಟಿ, ಹುರಿದು, ಪುಡಿ ಮಾಡಿ ರಾಗಿ ಸರಿ ತಂದುಕೊಡುತ್ತಾರೆ. ನಿಶಾ ಬೆಳೆದದ್ದೂ ಅದನ್ನೇ ತಿಂದು. ಅಂದು ಕೂಡ ಯಾರಿಗೋ ಕೊಡಲು ನಾಲ್ಕೈದು ಪ್ಯಾಕೆಟ್ ತಂದಿದ್ದರು. ನಿಶಾ ಒಂದನ್ನು ತೆಗೆದು ಪೆಟ್ಟಿಗೆಯ ಮೂಲೆಗೆ ತುರುಕಿದಳು. ಅದು ಅಳೆದು ಮಾಡಿದಂತೆ ಕೂತಿತು. ಜಯಂತ ಅಂಕಲ್ ಬರುವಷ್ಟರಲ್ಲಿ ಅವಳು ಟೇಪ್ ಹಚ್ಚಿ ಮುಗಿಸಿದ್ದಳು.

ಅಮ್ಮ ಅಲ್ಲಿಗೆ ಹೋದ ಮೇಲೆ ವೀಡಿಯೊ ಕಾಲ್ ಮಾಡಿದಾಗಲೆಲ್ಲ ನಿಶಾ ಮೊದಲು ಕೇಳುತ್ತಿದ್ದುದು ಪೆಟ್ಟಿಗೆಗಳ ಸುದ್ದಿ. ತಂಡದವರು ಸೈನಿಕರು ಕಾಯುವ ಗಡಿಯ ಗೇಟು ದಾಟಿ ಊರು ಸೇರಿದ್ದರು. ಪೆಟ್ಟಿಗೆಗಳು ಹಿಂದಿನ ಟ್ರಕ್ಕಿನಲ್ಲಿದ್ದವು. ನಾಳೆ ಬರುತ್ತೆ ಎಂದಳು ಅಮ್ಮ. ಮರುದಿನವೂ ನಾಳೆ ಎಂದಳು. ಐದನೇ ದಿನ ಆ ಪ್ರಶ್ನೆಯನ್ನೇ ತಪ್ಪಿಸಿದಳು. ಹೋಮ್‌ವರ್ಕ್ ಆಯ್ತಾ ಎಂದಷ್ಟೇ ಕೇಳಿದಳು.

ಅಮ್ಮ ವಾಪಸು ಬಂದ ಮಧ್ಯಾಹ್ನವೇ ಜಯಂತ ಅಂಕಲ್ ಮನೆಗೆ ಬಂದರು. ಅಪ್ಪ ಕಾಫಿ ಮಾಡಿಕೊಟ್ಟ. ನಿಶಾ ಸೋಫಾದ ಮೇಲೆ ಲೆಕ್ಕ ಮಾಡುತ್ತ ಕೂತಿದ್ದಳು.

ಅಮ್ಮ ಕಾಫಿ ಮುಟ್ಟದೆ ಹೇಳಿದಳು. "ಒಂದು ಪೆಟ್ಟಿಗೇಲಿ ಕಂದು ಬಣ್ಣದ ಪುಡಿ ಸಿಕ್ತಂತೆ. ಹೆಸರಿಲ್ಲ, ಲೇಬಲ್ ಇಲ್ಲ."

ನಿಶಾಳ ಪೆನ್ಸಿಲ್ ನಿಂತಿತು.

ಗೇಟಿನ ಸೈನಿಕರು ನಲವತ್ತೂ ಪೆಟ್ಟಿಗೆಗಳನ್ನು ಕೆಳಗಿಳಿಸಿದರಂತೆ. ಒಂದೊಂದನ್ನೂ ಸೀಳಿ ನೋಡಿದರಂತೆ. ಪುಡಿಯನ್ನು ಟೆಸ್ಟ್ ಮಾಡಿಸಲು ಕಳಿಸಿದರಂತೆ. ಅದರ ಉತ್ತರ ಬರುವ ಮೊದಲೇ ಏಳು ದಿನ ಮುಗಿದು ಗೇಟು ಮುಚ್ಚಿತು. ಟ್ರಕ್ಕು ಬಂದ ದಾರಿಯಲ್ಲೇ ತಿರುಗಿಹೋಯಿತು.

"ಆ ಪುಡಿ ಇಲ್ದಿದ್ರೆ ಬಿಡ್ತಿದ್ರಾ?" ಅಪ್ಪ ಕೇಳಿದ.

"ಗೊತ್ತಿಲ್ಲ ಅನಂತ್. ಬೇರೆ ಏನಾದ್ರೂ ನೆಪ ಹುಡುಕ್ತಿದ್ರೇನೋ. ಆದ್ರೆ ಸಿಕ್ಕಿದ್ದು ಅದೇ."

ಜಯಂತ ಅಂಕಲ್ ತಲೆ ಕೊಡವಿದರು. "ಇನ್ಯಾರು, ವಸಂತಾ ಅವರದ್ದೇ ಕೆಲಸ. ಪುಡಿ ಸಿಕ್ತು ಅಂತ ನಿಮ್ಮ ಮೆಸೇಜ್ ಬಂದ ದಿನವೇ ಅವರಿಗೆ ಫೋನ್ ಮಾಡಿದೆ. ನಾನಲ್ಲ ಅಂತಾರೆ. ಇನ್ಮೇಲೆ ಪ್ಯಾಕಿಂಗಿಗೆ ಬರಬೇಡಿ ಅಂದುಬಿಟ್ಟೆ."

ಯಾರೂ ನಿಶಾಳ ಕಡೆ ನೋಡುತ್ತಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದೂ ಇಲ್ಲ. ಆಂಟಿಗೆ ಬೈದಾಗಿದೆ, ಮಾತು ಮುಗಿದಿದೆ. ಪುಸ್ತಕದಲ್ಲಿ ಅರ್ಧ ಮಾಡಿದ ಭಾಗಾಕಾರ ಕಾಣುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ.

"ಆಂಟಿ ಅಲ್ಲ," ಎಂದಳು. "ನಾನು ಹಾಕಿದ್ದು. ಅಲ್ಲಿ ಗ್ಯಾಪ್ ಇತ್ತು. ಐ ಜಸ್ಟ್ ಫಿಲ್ಡ್ ಇಟ್."

ಮೂವರೂ ತಿರುಗಿದರು. ಯಾರೂ ಬೈಯಲಿಲ್ಲ. ಜಯಂತ ಅಂಕಲ್ ವಸಂತಾ ಆಂಟಿಯ ನಂಬರ್ ಒತ್ತಿ ಫೋನನ್ನು ಅವಳ ಕೈಗೆ ಕೊಟ್ಟರು. "ನೀನೇ ಹೇಳಮ್ಮ."

ನಿಶಾ ಹೇಳಿದಳು.

"ನನ್ನನ್ನ ಒಂದು ಮಾತು ಕೇಳಿದ್ರೆ ಬೇಡ ಅಂತಿದ್ನಲ್ಲ ಪುಟ್ಟಿ," ಎಂದರು ವಸಂತಾ ಆಂಟಿ. ದನಿಯಲ್ಲಿ ಸಿಟ್ಟಿರಲಿಲ್ಲ. ಎಂದಿನ ಅಕ್ಕರೆಯೂ ಇರಲಿಲ್ಲ. "ಜಯಂತನಿಗೆ ಕೊಡು."

ಅಂಕಲ್ ಫೋನ್ ಹಿಡಿದು ಹೊರಗಿನ ಮರದ ಜಗಲಿಗೆ ಹೋದರು. ಗಾಜಿನ ಬಾಗಿಲಿನಾಚೆ ಅವರು ಮತ್ತೆ ಮತ್ತೆ ಸಾರಿ ಕೇಳುವುದು ಕಾಣುತ್ತಿತ್ತು. ಅಪ್ಪನೂ ಅವರ ಹಿಂದೆಯೇ ಹೋದ.

ನಿಶಾ ಅಮ್ಮನ ಹತ್ತಿರ ಬಂದು ನಿಂತಳು. "ಸಾರಿ, ಅಮ್ಮ."

"ನಂಗ್ಯಾಕೆ ಹೇಳ್ತೀಯ?" ಎಂದಳು ಅಮ್ಮ. "ನಾನೇನು ಹಸ್ಕೊಂಡಿರ್ಲಿಲ್ಲ."

ಆ ಮಾತು ನಿಶಾಳನ್ನು ಏಟಿಗಿಂತ ಹೆಚ್ಚು ನೋಯಿಸಿತು. ಆದರೂ ಅವಳು ಅಲ್ಲಿಂದ ಕದಲಲಿಲ್ಲ.

ಆಮೇಲೆ ಅಮ್ಮ ತಾನಾಗಿಯೇ ಹೇಳತೊಡಗಿದಳು. ಅಲ್ಲಿನ ಆಸ್ಪತ್ರೆಗೆ ಒಬ್ಬಾಕೆ ದಿನವೂ ಬರುತ್ತಿದ್ದಳಂತೆ. ಎಳೆ ಕೂಸನ್ನು ಗಂಡನ ಕೋಟಿನಲ್ಲಿ ಸುತ್ತಿಕೊಂಡು ಮೂರು ಮೈಲಿ ನಡೆದು ಬರುತ್ತಿದ್ದಳಂತೆ. ಹಾಲಿನ ಪುಡಿ ಬಂತಾ ಎಂದು ಕೇಳಿ ಬಾಗಿಲ ಬಳಿ ಕೂರುತ್ತಿದ್ದಳಂತೆ. ಅಮ್ಮ ನಾಳೆ ಎಂದರೆ ತಲೆಯಾಡಿಸಿ ಎದ್ದು ಹೋಗುತ್ತಿದ್ದಳಂತೆ.

"ಆಮೇಲೆ?"

"ಕೊನೇ ದಿನ ಬರ್ಲಿಲ್ಲ."

ಸ್ಕೂಲಿನಲ್ಲಿ ನಿಶಾ ದಿನಕ್ಕೆ ಹತ್ತು ಸಲ ಸಾರಿ ಹೇಳುತ್ತಾಳೆ. ಭುಜ ತಾಗಿದರೆ ಸಾರಿ, ರಬ್ಬರ್ ಬಿದ್ದರೆ ಸಾರಿ. ಎದುರಿಗಿದ್ದವರು ಪರವಾಗಿಲ್ಲ ಎಂದ ಕೂಡಲೇ ಅದು ಅಲ್ಲಿಗೆ ಮುಗಿಯುತ್ತದೆ. ಈ ಸಲ ಹಾಗೆನ್ನಬೇಕಾದವರು ಎದುರಿಗಿರಲಿಲ್ಲ.

"ಅವರ ಹೆಸರೇನಮ್ಮ?"

ಅಮ್ಮನ ಕಣ್ಣು ಕಿಟಕಿಯ ಕಡೆ ಹೋಯಿತು, ಮೇಜಿನ ಕಡೆ ಬಂತು.

"ನಾನು ಕೇಳಲೇ ಇಲ್ಲ," ಎಂದಳು ಮೆಲ್ಲಗೆ. "ಆರು ದಿನ ನಾಳೆ, ನಾಳೆ ಅಂದೆ. ಹೆಸರು ಕೇಳ್ಲಿಲ್ಲ."

ಅಮ್ಮನ ತುಟಿ ನಡುಗುವುದನ್ನು ನಿಶಾ ಮೊದಲ ಸಲ ನೋಡಿದಳು. ಗೇಟಿನ ಆಚೆಯ ಆಕೆಗೆ ಸಾರಿ ಹೇಳಬೇಕಾದವಳು ತಾನೊಬ್ಬಳೇ ಅಲ್ಲ, ಅಮ್ಮನೂ ಹೌದು. ಪಕ್ಕದ ಕುರ್ಚಿ ಎಳೆದುಕೊಂಡು ಅವಳು ಅಮ್ಮನಿಗೆ ಒತ್ತಿ ಕೂತಳು.