ನಲವತ್ತೇಳನೇ ಪುಟ

ಅಚ್ಚಾದ ಹಾಳೆಯನ್ನು ಅವಳು ಮೂರು ಸಲ ಮಡಿಸಿದಳು, ಮಡಿಕೆಯ ಮೇಲೆ ಮರದ ಪಟ್ಟಿ ಎಳೆದಳು, ಪಕ್ಕಕ್ಕಿಟ್ಟಳು. ಪಟ್ಟಿ ಎಳೆಯುವ ರಭಸಕ್ಕೇ ಪ್ರೆಸ್ಸಿನ ಯಜಮಾನ ಚಿಕ್ಕಪ್ಪನಿಗೆ ಗೊತ್ತಾಗಿತ್ತು, ಸಿಟ್ಟು ಹುಡುಗಿಯ ಮೂಗಿನ ತುದಿಗೆ ಬಂದು ಕೂತಿದೆ ಎಂದು.

"ನಿನ್ನ ವ್ಯಾಕರಣ ಬಂದ ನೋಡಮ್ಮ," ಎಂದವನೇ ಮೆಲ್ಲಗೆ ಮೆಷಿನ್ ಕೋಣೆಗೆ ಜಾರಿಕೊಂಡ.

ಬಾಗಿಲಲ್ಲಿ ನಿಂತವನಿಗೆ ಪ್ರೆಸ್ಸಿನವರು ಇಟ್ಟ ಹೆಸರು ಅದು. ಲೋಜ್ಬಾನ್ ಎಂಬ, ಕೆಲವರು ಕೂತು ಕಟ್ಟಿದ ಭಾಷೆಯ ವ್ಯಾಕರಣವನ್ನು ಅವನು ಬರೆದಿದ್ದ. ಇನ್ನೂರು ಪ್ರತಿ. ಹೊಲಿಯುವವಳು ಇವಳು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಆದರೆ ಕೈಗೆ ಬಂದ ಹಾಳೆಯನ್ನು ಓದದೆ ಮಡಿಸಿದವಳಲ್ಲ.

ಓದಿದ್ದೇ ತಪ್ಪಾಯಿತು.

"ಇದೇನಿದು?" ಹಾಳೆಯನ್ನು ಅವನ ಎದೆಗೆ ಒತ್ತಿದಳು.

ನಲವತ್ತೇಳನೇ ಪುಟ. 'ಮಿ ಪ್ರಾಮಿ: ನನಗೆ ಪ್ರೀತಿಯಿದೆ. ಯಾರ ಮೇಲೆ ಎಂಬ ಜಾಗ ಖಾಲಿ ಬಿಟ್ಟರೂ ಈ ಭಾಷೆಯಲ್ಲಿ ವಾಕ್ಯ ಪೂರ್ಣ. ಜೊತೆಗೆ ಪ್ರೀತಿಗೆ ಯೂ, ಭಯಕ್ಕೆ ಯೀ ಎಂಬ ಪುಟ್ಟ ಪದಗಳನ್ನು ಸೇರಿಸಬಹುದು.' ಕೆಳಗೆ, ಎರಡೂ ಸೇರುವಂಥ ಮಾತಿಗೆ ಉದಾಹರಣೆ: 'ನಿಮ್ಮ ಚಪ್ಪಲಿ ಸದ್ದು ಕೇಳಿದ್ರೆ ನಂಗೆ ಸೂಜಿಗೆ ದಾರ ಪೋಣಿಸೋಕೆ ಆಗಲ್ಲ.'

ತಿಂಗಳ ಹಿಂದೆ, ಪ್ರೆಸ್ಸಿನ ಇದೇ ಬಾಗಿಲ ಮೆಟ್ಟಿಲ ಮೇಲೆ, ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿ ಅವಳು ಆಡಿದ ಮಾತು ಅದು. ಅವನು ಕೇಳಿಸಿಕೊಂಡಿದ್ದ, ಜೇಬಿನಿಂದ ನೋಟ್‌ಬುಕ್ ತೆಗೆದು ಬರೆದುಕೊಂಡಿದ್ದ, ಹೊರಟುಹೋಗಿದ್ದ.

"ನಾನು ಎದೆ ಬಿಚ್ಚಿ ಹೇಳಿದ್ದು ನಿಮಗೆ ಉದಾಹರಣೆನಾ? ಇನ್ನೂರು ಜನ ಓದಿ ನಗ್ಬೇಕಾ?"

"ಅಷ್ಟು ಚೆಂದದ ವಾಕ್ಯ ಬೇರೆ ಸಿಗ್ಲಿಲ್ಲ. ಆ ಭಾಷೇಲಿ ಮನಸ್ಸಿಗೆ ಅನ್ಸಿದ್ದಕ್ಕೆಲ್ಲ ಪದ ಇದೆ, ಹೇಳೋದು ಸುಲಭ..."

"ಮತ್ತೆ ನೀವ್ಯಾಕೆ ಹೇಳ್ಲಿಲ್ಲ? ಒಂದು ತಿಂಗಳು! ಬೇಡ ಅಂದಿದ್ರೂ ಬದುಕ್ತಿದ್ದೆ."

ಅವನ ಕಿವಿಗಳು ಕೆಂಪಾದವು. ಆ ಕೆಂಪು ಅವಳಿಗೆ ಇಷ್ಟವಾಯಿತು. ಇಷ್ಟವಾಯಿತಲ್ಲ ಎಂದು ಇನ್ನಷ್ಟು ರೇಗಿತು.

"ಜಾಗ ಖಾಲಿ ಬಿಟ್ರೆ ನಿಮ್ಮ ಭಾಷೆಗೆ ನಡೆಯತ್ತೆ. ನಂಗೆ ನಡೆಯಲ್ಲ."

ಅವನು ಎದುರಿಗೆ ಕೂತು ಬ್ಲೇಡು ತೆಗೆದುಕೊಂಡ. ಮಡಿಸಿಟ್ಟ ರಾಶಿಯ ಮೇಲಿನ ಕಟ್ಟಿನಿಂದ ಆ ಪುಟ ಕತ್ತರಿಸಿದ. ಸೊಟ್ಟಗೆ. ಇನ್ನೊಂದು, ಇನ್ನೂ ಸೊಟ್ಟಗೆ.

"ಬುಡದಲ್ಲಿ ಚೂರು ಬಿಡಿ. ಹೊಸ ಹಾಳೆ ಎಲ್ಲಿಗೆ ಅಂಟಿಸ್ಲಿ, ನನ್ನ ತಲೆಗಾ?" ಸ್ಕೇಲು ಅವನತ್ತ ತಳ್ಳಿದಳು. "ಅದರಲ್ಲೇನು ಹಾಕ್ತೀರಿ?"

"ಮಿ ಪ್ರಾಮಿ ದೊ. ಜಾಗ ತುಂಬಿದ್ದು."

"ನಂಗರ್ಥ ಆಗೋ ಹಾಗೆ ಹೇಳಿ."

ಬ್ಲೇಡು ನಿಂತಿತು.

"ನಂಗೂ ನೀನೇ ಬೇಕು. ಅವತ್ತು ಬಾಯಿ ಒಣಗಿಹೋಯ್ತು, ಕೈ ಒಂದೇ ಆಡಿದ್ದು. ಅದಕ್ಕೇ ಬರ್ಕೊಂಡೆ."

ಅವಳು ಸೂಜಿ ಎತ್ತಿಕೊಂಡಳು. ದಾರದ ತುದಿ ಒಮ್ಮೆ ತಪ್ಪಿತು, ಮತ್ತೊಮ್ಮೆ ತಪ್ಪಿತು. ಅವನಿಗೆ ಕಾಣಬಾರದೆಂದು ಗೋಡೆಯ ಕಡೆ ತಿರುಗಿ ಕೂತಳು.

"ಇನ್ನೂ ನೂರಾ ತೊಂಬತ್ತೆಂಟು ಇದೆ. ಕತ್ತರಿಸಿ."

"ಕತ್ತರಿಸ್ತೀನಿ. ಒಂದ್ಸಲ ಈ ಕಡೆ ತಿರುಗು."