ಗಂಜಿ ಹೊತ್ತಿನ ಕೆಂಪು ಹಲಗೆ

ಹೆಂಚಿನ ಲಾರಿಯ ಯಾಕೂಬ್ ಸೇತುವೆಯ ಮೇಲೆ ಗಕ್ಕನೆ ಬ್ರೇಕು ಹಾಕಿದ. ಎದುರಿಗೆ ಒಬ್ಬ ಹೆಂಗಸು ಬಿದ್ದಿದ್ದಳು. ಪಕ್ಕದಲ್ಲಿ ಗಡಿಗೆ ಒಡೆದಿತ್ತು, ಗಂಜಿ ಚೆಲ್ಲಿತ್ತು. ಯಾಕೂಬ್ ಇಳಿದು ನೋಡಿದ. ಉಸಿರಿರಲಿಲ್ಲ. ಗಂಟಲು ಹರಿಯುವಂತೆ ಕೂಗಿದ.

ಮೊದಲು ಓಡಿ ಬಂದವನು ಸೇತುವೆಯ ಕಾವಲುಗಾರ ಚನಿಯಪ್ಪ. ಹೊಳೆಯಲ್ಲಿ ಸ್ನಾನ ಮಾಡುತ್ತಿದ್ದವನ ತಲೆಯಿಂದ ನೀರು ಇಳಿಯುತ್ತಿತ್ತು. ಸತ್ತವಳು ಅವನ ಹೆಂಡತಿ ಅಮ್ಮಣ್ಣಿ. ಅವನು ಅಳಲಿಲ್ಲ, ಮುಟ್ಟಲೂ ಇಲ್ಲ. ತಿರುಗಿ ತನ್ನ ಹಲಗೆಯನ್ನು ನೋಡಿದ. ಹಲಗೆ ಹಸಿರು ತೋರಿಸುತ್ತಿತ್ತು.

"ನಾನು ತಿರುಗಿಸ್ಲಿಲ್ಲ," ಎಂದ. ಆಮೇಲೆ ಅಲ್ಲೇ ಕುಳಿತುಬಿಟ್ಟ.

*

ಅದು ೧೯೬೪ನೇ ಇಸವಿ. ಬಂಟ್ವಾಳದಿಂದ ಮೂಡಬಿದಿರೆಗೆ ಹೋಗುವ ದಾರಿಯ ಆ ಸೇತುವೆಯಲ್ಲಿ ಒಂದು ಸಲಕ್ಕೆ ಒಂದೇ ವಾಹನ ಹೋಗಬಹುದಿತ್ತು. ನಡೆಯುವವರಿಗೆ ಬದಿಯಲ್ಲಿ ಒಂದು ಗೇಣು ಜಾಗ ಬಿಡಬೇಕೆಂದು ಕಟ್ಟಿದ ಮಹಾನುಭಾವರಿಗೆ ತೋಚಿರಲಿಲ್ಲ. ನಡು ಉಬ್ಬಿದ್ದರಿಂದ ಒಂದು ತುದಿಯಿಂದ ಇನ್ನೊಂದು ತುದಿ ಕಾಣುತ್ತಿರಲಿಲ್ಲ. ಎರಡು ತುದಿಯಲ್ಲೂ ಒಬ್ಬೊಬ್ಬ ಕಾವಲುಗಾರ. ಇಬ್ಬರ ಬಳಿಯೂ ಕಂಬದ ಮೇಲೆ ತಿರುಗುವ ದುಂಡು ಹಲಗೆ. ಒಂದು ಮುಖ ಬರೀ ಹಸಿರು, ಇನ್ನೊಂದು ಕೆಂಪು. ಕೆಂಪಿನ ನಡುವೆ ಒಂದು ಬಿಳಿ ಪಟ್ಟಿ.

ಅಮ್ಮಣ್ಣಿ ದಿನಾ ಮಧ್ಯಾಹ್ನ ಆಚೆ ದಡದಿಂದ ಗಂಡನಿಗೆ ಗಂಜಿ ತರುತ್ತಿದ್ದಳು. ಅವಳು ಸೇತುವೆಗೆ ಕಾಲಿಡುವಾಗ ಆಚೆಯ ಕಾವಲುಗಾರ ಚಿನ್ನಯ್ಯ ತಂತಿ ಎಳೆದು ಗಂಟೆ ಬಾರಿಸುತ್ತಿದ್ದ. ಈಚೆ, ಬಂಟ್ವಾಳದ ಕಡೆಯ ತುದಿಯಲ್ಲಿ, ಚನಿಯಪ್ಪ ಹಲಗೆಯನ್ನು ಕೆಂಪು ಮಾಡಿ ಹೊಳೆಗೆ ಇಳಿಯುತ್ತಿದ್ದ. ಮಿಂದು ಬರುವಷ್ಟರಲ್ಲಿ ಗಂಜಿ ಬಂದಿರುತ್ತಿತ್ತು. ಲಾರಿ ಬಸ್ಸಿನವರು ಅದಕ್ಕೆ 'ಗಂಜಿ ಕೆಂಪು' ಎಂದು ಹೆಸರಿಟ್ಟು ನಗುತ್ತಿದ್ದರು. ನಕ್ಕರೂ ನಿಲ್ಲುತ್ತಿದ್ದರು.

ಸಬ್ ಇನ್ಸ್‌ಪೆಕ್ಟರ್ ವಿಜಯರಾಜ ನಾರಾವಿಯವನು. ಹೆಚ್ಚು ಮಾತಿಲ್ಲ, ಅವಸರವಿಲ್ಲ. ಎಷ್ಟೋ ಹೆಣ ನೋಡಿ ಅವನ ಮುಖವೂ ಮರಗಟ್ಟಿತ್ತು. ಮೊದಲು ಯಾಕೂಬನನ್ನು ಹಿಡಿದ.

"ಹಲಗೆ ಯಾವ ಬಣ್ಣ ಇತ್ತು?"

"ಹಸಿರು ಸಾರ್. ಅಲ್ಲಾನಾಣೆ. ನಾನು ಬರುವಾಗ ಆ ಹೆಂಗಸು ಬಿದ್ದು ಆಗಿತ್ತು."

"ದಾರಿಯಲ್ಲಿ ಯಾರಾದ್ರೂ ಸಿಕ್ಕಿದ್ರಾ?"

"ತಿರುವಿನಲ್ಲಿ ಒಂದು ಕಪ್ಪು ಕಾರು ಎದುರು ಬಂತು. ನಂಬರು ನೋಡ್ಲಿಲ್ಲ."

ಆ ಕಾಲದಲ್ಲಿ ಕಾರೆಂದರೆ ಹೆಚ್ಚಿನವು ಕಪ್ಪೇ. ಕಾನ್‌ಸ್ಟೇಬಲ್ ಇಬ್ರಾಹಿಂ ಲಾರಿಯ ಕೆಳಗೆ ನುಗ್ಗಿ ತಡಕಾಡಿದ. ಒಂದು ಗುರುತೂ ಸಿಗಲಿಲ್ಲ.

ಹಲಗೆಯ ಕಂಬಕ್ಕಿಂತ ಸ್ವಲ್ಪ ಹಿಂದೆ, ರಸ್ತೆಯ ಬದಿಯಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ಸೇತುವೆಯ ಕಟ್ಟೆಗೆ ತಾಗಿಸಿ, ಸ್ವಲ್ಪ ಒಳಗೆ ಇನ್ನೊಂದು. ವಿಜಯರಾಜ ಎರಡನ್ನೂ ತೆರೆದ. ಒಳಗೆ ಒಂದೊಂದು ಹಳೆಯ ಕ್ಯಾಮರಾ. ಎರಡರಲ್ಲೂ ಮಸೂರದ ಪಕ್ಕದ ಹಿತ್ತಾಳೆ ಕಡ್ಡಿ ಕೆಳಮುಖವಾಗಿತ್ತು. ಇದೆಂಥದ್ದೆಂದು ತಲೆಬುಡ ತಿಳಿಯದೆ ಮುಚ್ಚಿದ.

*

ಕ್ಯಾಮರಾಗಳ ಒಡೆಯ ಜನರ ನಡುವೆಯೇ ನಿಂತಿದ್ದ. ಮೂಡಬಿದಿರೆಯಲ್ಲಿ ಸ್ಟುಡಿಯೋ ಇಟ್ಟಿದ್ದ ಶೇಖರ. ಆಗಷ್ಟೇ ಬಂಟ್ವಾಳದ ಕಡೆಯಿಂದ ಬಂದೆನೆಂದ. ಕೆಂಪಿಗೆ ನಿಲ್ಲದವರನ್ನು ಹಿಡಿಯಲು ಇಲಾಖೆಯ ಒಪ್ಪಿಗೆ ಪಡೆದು ಅವನೇ ಹೂಡಿದ ಉಪಾಯ ಅದು. ಕೇಳಿದ್ದೇ ತಡ, ಹೆಣದ ಪಕ್ಕದಲ್ಲೇ ಪಾಠ ಶುರುಮಾಡಿದ.

"ರಸ್ತೆಗೆ ಅಡ್ಡ ರಬ್ಬರ್ ಕೊಳವೆ ಉಂಟು, ನೋಡಿ. ವಾಹನ ನಿಲ್ಲುವ ಗೆರೆಯಲ್ಲಿ ಒಂದು, ಒಳಗೆ ಒಂದು. ಚಕ್ರ ಹತ್ತಿದ್ರೆ ಒಳಗಿನ ಗಾಳಿ ಹೋಗಿ ಕ್ಯಾಮರಾದ ಶಟರನ್ನು ಒತ್ತುತ್ತದೆ. ಫೋಟೋ ಬೀಳ್ತದೆ."

"ಎಲ್ಲ ವಾಹನದ್ದೂ?"

"ಇಲ್ಲ ಇನ್ಸ್‌ಪೆಕ್ಟ್ರೇ. ಹಲಗೆ ಹಸಿರು ಇದ್ರೆ ಕಂಬದ ಮೊಳೆ ಕೊಳವೆಗಳನ್ನು ಹಿಸುಕಿ ಹಿಡೀತದೆ, ಗಾಳಿ ಹೋಗುದಿಲ್ಲ. ಕೆಂಪಾದ್ರೆ ಮಾತ್ರ ಬಿಡ್ತದೆ."

"ಎರಡು ಕ್ಯಾಮರಾ ಯಾಕೆ?"

"ಒಂದೇ ಆದ್ರೆ, ಗೆರೆ ಮೇಲೆ ನಿಲ್ಲಿಸಿದ್ದೆ ಅಂತ ಡ್ರೈವರ್ ವಾದ ಮಾಡ್ತಾನೆ. ಮೊದಲನೇದ್ರಲ್ಲಿ ಗೆರೆಯಲ್ಲಿ, ಎರಡನೇದ್ರಲ್ಲಿ ಒಳಗೆ. ಎರಡೂ ಸೇರಿದ್ರೆ ಬಾಯಿ ಬಿಡ್ಲಿಕ್ಕಿಲ್ಲ."

"ಇವತ್ತು ಸರಿ ಇತ್ತಾ?"

"ಬೆಳಿಗ್ಗೆ ನಾನೇ ಪ್ಲೇಟು ಹಾಕಿ, ಎಲ್ಲ ಸಜ್ಜು ಮಾಡಿ ಹೋಗಿದ್ದೆ."

ಪ್ಲೇಟೆಂದರೆ ಚಿತ್ರ ಮೂಡುವ ಗಾಜು. ಇಬ್ರಾಹಿಂ ಶೇಖರನ ಕತ್ತಲೆಕೋಣೆಯಲ್ಲೇ ಕಾವಲು ನಿಂತು ಎರಡನ್ನೂ ತೊಳೆಸಿದ. ಎರಡೂ ಖಾಲಿ. ಕ್ಯಾಮರಾ ಹೊಡೆದಿಲ್ಲ, ಆದ್ದರಿಂದ ಹಲಗೆ ಕೆಂಪಾಗಿರಲಿಲ್ಲ. ಎಂದರೆ ಚನಿಯಪ್ಪ ಹಲಗೆ ತಿರುಗಿಸಲು ಮರೆತು, ಯಾವುದೋ ವಾಹನವನ್ನು ಹೆಂಡತಿಯ ಮೇಲೆ ಬಿಟ್ಟಿದ್ದ. ಸಂಜೆಯೊಳಗೆ ಊರಿಗೆ ಊರೇ ಹಾಗೆ ತೀರ್ಪು ಕೊಟ್ಟಿತು.

*

ಠಾಣೆಯ ಬೆಂಚಿನಲ್ಲಿ ಚನಿಯಪ್ಪ ಕಲ್ಲಿನಂತೆ ಕುಳಿತಿದ್ದ. ಇಬ್ರಾಹಿಂ ತಂದ ಚಹಾ ಆರಿಹೋಗಿತ್ತು.

"ಹಲಗೆ ತಿರುಗಿಸಿದ್ದು ನೆನಪುಂಟಾ?" ವಿಜಯರಾಜ ಕೇಳಿದ.

"ದಿನಾ ತಿರುಗಿಸ್ತೇನೆ ಸ್ವಾಮಿ. ಇವತ್ತಿನದ್ದು ನೆನಪಿಲ್ಲ. ನಿನ್ನೆಯದ್ದಾ ಇವತ್ತಿನದ್ದಾ ಗೊತ್ತಾಗುದಿಲ್ಲ."

"ಗಂಟೆ ಕೇಳಿತಾ?"

"ಕೇಳಿತು. ಆದ್ರೆ ಹಲಗೆ ಹಸಿರಿತ್ತಲ್ಲ. ಆ ಯಂತ್ರವೂ ಹಾಗೇ ಹೇಳ್ತದಂತೆ. ಯಂತ್ರ ಸುಳ್ಳು ಹೇಳ್ತದಾ? ನಾನೇ ಕೊಂದದ್ದು ಅಂತ ಬರ್ಕೊಳ್ಳಿ. ಹೆಬ್ಬೆಟ್ಟು ಒತ್ತುತ್ತೇನೆ."

ದನಿಯಲ್ಲಿ ದುಃಖವೇ ಇರಲಿಲ್ಲ. ಅದೇ ವಿಜಯರಾಜನನ್ನು ಕಾಡಿತು. ಕೆಲಸ ಹೋಗುತ್ತದೆ, ಜೈಲಾಗುತ್ತದೆ, ಅದು ಬೇರೆ. ಹೆಂಡತಿಯನ್ನು ತಾನೇ ಕೊಂದೆನೋ ಇಲ್ಲವೋ ಎಂಬುದೇ ಗೊತ್ತಿಲ್ಲದೆ ಈ ಮನುಷ್ಯ ಬದುಕಬೇಕಿತ್ತು.

ಮರುದಿನ ಚಿನ್ನಯ್ಯನನ್ನು ವಿಚಾರಿಸಿದ.

"ನಿನ್ನ ಕಡೆಯಿಂದ ಆ ಹೊತ್ತಿಗೆ ಕಪ್ಪು ಕಾರು ದಾಟಿತಾ?"

"ಇಲ್ಲ ಸ್ವಾಮಿ. ಅಮ್ಮಣ್ಣಿ ಸಂಕ ದಾಟುವಾಗ ನಾನೂ ಯಾರನ್ನೂ ಬಿಡುದಿಲ್ಲ. ಚನಿಯಪ್ಪನ ಕಡೆಯಿಂದಲೂ ಯಾರೂ ದಾಟಿ ಬರ್ಲಿಲ್ಲ."

ಸೇತುವೆಯ ಬಾಯಿಗೂ ಆ ತಿರುವಿಗೂ ನಡುವೆ ಬೇರೆ ದಾರಿಯಿಲ್ಲ. ಹಾಗಾದರೆ ಯಾಕೂಬನಿಗೆ ಎದುರಾದ ಕಾರು ಸೇತುವೆ ದಾಟಿ ಬಂದದ್ದಲ್ಲ. ಒಳಗೆ ಹೋಗಿ ಹಿಂದಕ್ಕೆ ಬಂದದ್ದು.

*

ವಿಜಯರಾಜ ಮೂಡಬಿದಿರೆಯ ಸ್ಟುಡಿಯೋಕ್ಕೆ ಹೋದಾಗ ಶೇಖರ ಮದುಮಕ್ಕಳ ಫೋಟೋ ತೆಗೆಯುತ್ತಿದ್ದ. ಪ್ಲೇಟು ಸೇರಿಸಿದ. ಸೀರೆಯ ನೆರಿಗೆ ಸರಿಪಡಿಸಿದ. ಕಟ್ಟಕಡೆಗೆ ಮಸೂರದ ಪಕ್ಕದ ಕಡ್ಡಿಯನ್ನು ಮೇಲಕ್ಕೆತ್ತಿ ಗುಂಡಿ ಒತ್ತಿದ. ಕಡ್ಡಿ ಟಕ್ಕೆಂದು ಕೆಳಗಿಳಿಯಿತು.

ಮದುಮಕ್ಕಳು ಹೋದ ಮೇಲೆ ವಿಜಯರಾಜ ಕೇಳಿದ. "ಆ ಕಡ್ಡಿ ಮೊದಲೇ ಎತ್ತಿಟ್ರೆ ಆಗುದಿಲ್ವಾ?"

"ಸ್ಪ್ರಿಂಗು ಸಡಿಲ ಆಗ್ತದೆ ಮಾರಾಯ್ರೆ. ಪ್ಲೇಟು ಹಾಕಿದ ಮೇಲೆ ಹಾಗೇ ಬಿಡುದು, ಹೊಡೆಯುವಾಗ ಎತ್ತುದು. ಕೈಗೆ ಅಭ್ಯಾಸ."

"ಸಂಕದಲ್ಲಿ?"

"ಅಲ್ಲಿ ನಾನಿರುದಿಲ್ಲ ಅಲ್ವಾ. ಎತ್ತಿಯೇ ಇಡ್ಬೇಕು."

"ನಾನು ಪೆಟ್ಟಿಗೆ ತೆರೆದಾಗ ಎರಡೂ ಕಡ್ಡಿ ಕೆಳಗಿತ್ತು."

ಶೇಖರ ಕ್ಯಾಮರಾದ ಮೇಲೆ ಕಪ್ಪು ಬಟ್ಟೆ ಮುಚ್ಚತೊಡಗಿದ.

"ಬೆಳಿಗ್ಗೆ ಎಲ್ಲ ಸಜ್ಜು ಮಾಡಿದ್ದೆ ಅಂದ್ರಿ, ಅಂದ್ರೆ ಕಡ್ಡಿ ಎತ್ತಿಯೇ ಇತ್ತು. ಹಾಗಾದ್ರೆ ಎರಡೂ ಹೊಡೆದಿವೆ. ಹೊಡೆದದ್ದೇ ಹೌದಾದ್ರೆ ಹಲಗೆ ಕೆಂಪಿತ್ತು. ಹಾಡುಹಗಲಲ್ಲಿ ಹೊಡೆದ ಪ್ಲೇಟಿನಲ್ಲಿ ಕಾರಿಲ್ಲದಿದ್ರೂ ಆಕಾಶ ಬೇಕಲ್ಲ. ಖಾಲಿ ಇರುದು ಹೇಗೆ? ಯಾರೋ ಹೊಸ ಪ್ಲೇಟು ಹಾಕಿದ್ದಾರೆ. ಹಾಕಿ, ಸ್ಟುಡಿಯೋದವರ ಅಭ್ಯಾಸದಲ್ಲಿ ಕಡ್ಡಿ ಎತ್ತದೆ ಬಿಟ್ಟಿದ್ದಾರೆ. ಆ ಕೆಲಸ ಬರುವವರು ಅಲ್ಲಿ ಯಾರಿದ್ರು, ಶೇಖರ?"

ಹೊರಗೆ ಶೇಖರನ ಕಪ್ಪು ಕಾರು ನಿಂತಿತ್ತು. ಅವನು ಕುರ್ಚಿ ಎಳೆದು ಕುಳಿತ.

"ಗಂಜಿ ಕೆಂಪು ಅಂತ ಗೊತ್ತಿತ್ತು. ಎದುರು ವಾಹನ ಇಲ್ಲ, ಒಬ್ಬಳು ಹೆಂಗಸು, ಬದಿಗೆ ಸರೀತಾಳೆ ಅಂದುಕೊಂಡೆ. ಸರಿದಳು. ಜಾಗ ಸಾಕಾಗ್ಲಿಲ್ಲ."

"ಫೋಟೋ ಬೀಳ್ತದೆ ಅಂತ ಗೊತ್ತಿರ್ಲಿಲ್ವಾ?"

"ನನ್ನದೇ ಕ್ಯಾಮರಾ ಅಲ್ವಾ."

ಕಾರನ್ನು ಹಿಂದಕ್ಕೆ ತಂದು, ಪ್ಲೇಟು ಬದಲಿಸಿ, ಹಲಗೆಯನ್ನು ಹಸಿರಿಗೆ ತಿರುಗಿಸಿ ಹೋದನಂತೆ. ಜನ ಸೇರಿದ ಮೇಲೆ ಮರಳಿ ಬಂದನಂತೆ.

"ತೆಗೆದ ಪ್ಲೇಟು ಒಡೆದು ಹಾಕಿದಿರಾ?"

ಶೇಖರ ಕಪಾಟಿನಿಂದ ಎರಡು ಗಾಜು ತೆಗೆದು ಮೇಜಿನ ಮೇಲಿಟ್ಟ.

"ಮನಸ್ಸು ಬರ್ಲಿಲ್ಲ. ಎರಡೂ ಒಟ್ಟಿಗೆ ಸರಿಯಾಗಿ ಬಿದ್ದದ್ದು ಇದೇ ಮೊದಲು."

ವಿಜಯರಾಜನಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಬಾರಿಸಲಿಲ್ಲ. ಹೊರಗಿದ್ದ ಇಬ್ರಾಹಿಮನಿಗೆ ಕೋಳ ತರಲು ಹೇಳಿದ.

*

ಗಾಜಿನಿಂದ ತೆಗೆದ ಎರಡು ಪ್ರತಿಗಳನ್ನು ವಿಜಯರಾಜ ಚನಿಯಪ್ಪನ ಮುಂದೆ ಇಟ್ಟ. ಮೊದಲನೆಯದರಲ್ಲಿ ಗೆರೆ ಮೇಲೆ ಕಾರು, ಪಕ್ಕದಲ್ಲಿ ಬಿಳಿ ಪಟ್ಟಿಯ ಹಲಗೆ.

"ನೋಡು, ಬಿಳಿ ಪಟ್ಟಿ ಉಂಟು, ಇದು ಕೆಂಪು. ನೀನು ತಿರುಗಿಸಿದ್ದೆ. ನಿನ್ನ ತಪ್ಪು ಏನೂ ಇಲ್ಲ."

ಚನಿಯಪ್ಪ ತಲೆಯಾಡಿಸಿದ. ಅವನ ಕಣ್ಣು ಎರಡನೆಯದರ ಮೇಲಿತ್ತು. ಅದರಲ್ಲಿ ಕಾರಿನ ಬೆನ್ನು, ಅದರಾಚೆ ಕಟ್ಟೆಗೆ ಒತ್ತಿ ನಿಂತ ಅಮ್ಮಣ್ಣಿ. ಮುಖ ಸ್ಪಷ್ಟವಾಗಿತ್ತು.

"ಸ್ವಾಮಿ, ಇವಳದ್ದು ಒಂದು ಪಟವೂ ನಮ್ಮಲ್ಲಿಲ್ಲ. ಕೇಸು ಮುಗಿದ ಮೇಲೆ ಇದನ್ನು ಕೊಡ್ಲಿಕ್ಕೆ ಆಗ್ತದಾ?"

"ಕೊಡಿಸ್ತೇನೆ. ಕಾರು ಇರುವ ಭಾಗ ಕತ್ತರಿಸಿ ಕೊಡಿಸ್ತೇನೆ."

ಚನಿಯಪ್ಪ ಆ ಚಿತ್ರದಲ್ಲಿ ಕಾರಿನ ಅಂಚಿನ ಮೇಲೆ ಬೆರಳಿಟ್ಟು ನೋಡಿದ.

"ಬೇಡ ಸ್ವಾಮಿ. ಕತ್ತರಿಸಿದ್ರೆ ಅವಳ ಒಂದು ಹೆಗಲು ಹೋಗ್ತದೆ. ಕಾರು ಇರ್ಲಿ."

ಅಷ್ಟು ಹೇಳಿ ಅವನು ಅತ್ತ.