ಆನೆಗೊಡೆಯ ಒಂದು ಎಲೆ

ಒಂದೇ ಎಲೆಯ ಮೇಲೆ ನಾನು ನಾನೂರು ಜನರಿಗೆ ಊಟ ಬಡಿಸಿದ್ದೇನೆ. ಎಲೆಯ ಆ ತುದಿಗೆ ಸಾರು ಮುಟ್ಟಿಸಲು ಸೈಕಲ್ ಬೇಕಾಯಿತು.

ಇದನ್ನು ನಾನು ಮೊದಲು ಹೇಳಿದ್ದು ೧೯೭೪ರಲ್ಲಿ, ದೇಶದ ರಾಜಧಾನಿಯಲ್ಲಿ, ಲೋಧಿ ಕಾಲೋನಿಯ ಸಂಕಪ್ಪ ಮಾವನ ಹೋಟೆಲಿನಲ್ಲಿ, ವೈಜಯಂತಿಗೆ. ನಾನು ಅಲ್ಲಿ ಗಲ್ಲಾದ ಮೇಲೆ ಕೂರುವವನು. ಅವಳು ಸರ್ಕಾರಿ ಅಧಿಕಾರಿಯ ಮಗಳು, ಎಂ.ಎಸ್ಸಿ. ಬಾಟನಿ. ಅವಳ ಕಣ್ಣು ಎಷ್ಟು ದೊಡ್ಡದೆಂದರೆ, ರೆಪ್ಪೆ ಬಡಿದರೆ ಗೋಡೆಯ ಕ್ಯಾಲೆಂಡರ್ ಎರಡು ತಿಂಗಳು ಮುಂದೆ ಹೋಗುತ್ತಿತ್ತು.

"ಅಚ್ಛಾ? ಅಂಥ ಗಿಡ ಎಲ್ಲಿದೆ, ಜಯಾನಂದ್?"

"ನಮ್ಮ ಘಟ್ಟದ ಕಾಡಿನಲ್ಲಿ ಉಂಟು. ಆನೆಗೊಡೆ ಅಂತ ಹೆಸರು. ಮಳೆ ಬಂದರೆ ಒಂದೊಂದು ಎಲೆಯ ಕೆಳಗೆ ಹನ್ನೆರಡು ಆನೆ ನಿಲ್ತವೆ."

"ಪರಾಗಸ್ಪರ್ಶ ಯಾರು ಮಾಡ್ತಾರೆ?"

ಹಾಗೆಂದರೇನೆಂದು ನನಗೆ ಗೊತ್ತಿರಲಿಲ್ಲ. "ನಮ್ಮ ದೊಡ್ಡಪ್ಪ," ಎಂದೆ.

ಅವಳು ನಕ್ಕ ಸದ್ದಿಗೆ ಪಾಲಂ ನಿಲ್ದಾಣದಲ್ಲಿ ಎರಡು ವಿಮಾನಗಳು ದಾರಿ ತಪ್ಪಿದವು. "ಹೂವಿಂದ ಹೂವಿಗೆ ಪುಡಿ ಯಾರು ಒಯ್ಯೋದು ಅಂತ ಕೇಳಿದೆ, ಮಹಾಶಯರೇ!"

"ಓ, ಅದಾ? ಬಾವಲಿಗಳು."

ಆಮೇಲೆ ಪ್ರತಿ ಶನಿವಾರ ಅವಳು ಬಂದಳು. ಪ್ರತಿ ಶನಿವಾರ ಗಿಡ ಬೆಳೆಯಿತು. ಹೂವಿನ ಬಟ್ಟಲಲ್ಲಿ ಕೆರೆ ಹುಟ್ಟಿತು, ಕೆರೆಯಲ್ಲಿ ಕಪ್ಪೆ, ಕಪ್ಪೆಯ ಹಿಂದೆ ಹಾವು. ಮಂಗಟ್ಟೆ ಹಕ್ಕಿಗಳು ಹಣ್ಣು ತಿಂದು ಏಳು ಬೆಟ್ಟದಾಚೆ ಬೀಜ ಉದುರಿಸಿದವು. ಹಣ್ಣೆಲೆಯೊಂದು ಕಳಚಿ ಬಿದ್ದರೆ ಕಾಡಿನ ನೆಲಕ್ಕೆ ಮೊದಲ ಬಾರಿ ಬಿಸಿಲು ತಾಗಿ, ಕಾದು ಕುಳಿತಿದ್ದ ಸಾವಿರ ಸಸಿಗಳು ಒಟ್ಟಿಗೆ ತಲೆಯೆತ್ತಿದವು. ಅವಳು ಪೆನ್ನು ಕಚ್ಚುತ್ತ ಎಲ್ಲವನ್ನೂ ಬರೆದುಕೊಂಡಳು.

"ಇಷ್ಟು ಎತ್ತರದ ಗಿಡ ಗಾಳಿಗೆ ಬೀಳಲ್ವಾ?"

"ಬೀಳುವುದಿಲ್ಲ. ಸುತ್ತ ಇರುವವರೆಲ್ಲ ಬೇರಿನಲ್ಲಿ ಹಿಡಿದುಕೊಂಡಿರ್ತಾರೆ."

ಅವಳು ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಆ ನೋಟದಲ್ಲಿ ನಾನು ಮೂರು ವರ್ಷ ಕಳೆದೆ. ಕಾಫಿ ಮಾತ್ರ ಇನ್ನೂ ಬಿಸಿಯಾಗಿತ್ತು.

ಒಂದು ದಿನ ಅವಳೆಂದಳು: "ರಿಸರ್ಚ್ ವಿಷಯ ಬರೆದು ಪ್ರೊಫೆಸರ್‌ಗೆ ಕೊಡಬೇಕು. ಆನೆಗೊಡೆಯನ್ನೇ ಕೊಡ್ತೀನಿ. ಮುಂದಿನ ಶನಿವಾರ ಒಂದು ಎಲೆ ತರಿಸಿಕೊಡಿ. ಚಿಕ್ಕದಾದರೂ ಪರವಾಗಿಲ್ಲ."

ವಾರವಿಡೀ ನಾನು ಮುತ್ತುಗದ ಎಲೆಗಳನ್ನು ಪೊರಕೆಯ ಕಡ್ಡಿ ಚುಚ್ಚಿ ಚುಚ್ಚಿ ಸೇರಿಸಿದೆ, ಊರಿನಲ್ಲಿ ಊಟದೆಲೆ ಹಚ್ಚುವ ಹಾಗೆ. ಎಲೆ ಬಾಗಿಲಿನಷ್ಟಾಯಿತು.

"ಯಾರ ಮದುವೆ ಊಟವೋ?" ಎಂದರು ಸಂಕಪ್ಪ ಮಾವ.

"ನನ್ನದೇ ಆಗಲಿ ಅಂತ, ಮಾವ."

ಶನಿವಾರ ಎರಡು ಮೇಜು ಜೋಡಿಸಿ ಎಲೆ ಹಾಸಿದೆ. ವೈಜಯಂತಿ ಬಗ್ಗಿ, ಬೆರಳಾಡಿಸಿ, ಒಂದು ಕಡ್ಡಿ ಎಳೆದಳು. ಎಲೆ ಎರಡಾಯಿತು.

"ಇದೇನು?"

"ಇರುವೆಗಳ ಕೆಲಸ. ಎಲೆ ಹರಿದರೆ ಅವೇ ಬಂದು ಹೊಲೀತವೆ."

"ಎಲೆ ಹೊಲಿಯೋ ಇರುವೆ ನಿಜವಾಗ್ಲೂ ಇದೆ. ಅವು ರೇಷ್ಮೆ ಎಳೆ ಬಳಸ್ತವೆ. ಪೊರಕೆ ಕಡ್ಡಿ ಅಲ್ಲ."

"ನಮ್ಮ ಕಡೆಯವು ಸ್ವಲ್ಪ ಬಡ ಇರುವೆಗಳು."

ಅವಳು ನಗಲಿಲ್ಲ. ಚೀಲದಿಂದ ಫಾರಂ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದಳು. "ಸರಿ. ನಿಮ್ಮ ಮಾತು ನಂಬಿ ಬರೀತೀನಿ."

ಪ್ರೊಫೆಸರ್ ಆ ಫಾರಂ ಓದುವುದು, ಇಡೀ ಯೂನಿವರ್ಸಿಟಿ ಅವಳನ್ನು ನೋಡಿ ನಗುವುದು ನನ್ನ ಕಣ್ಣಿಗೆ ಕಟ್ಟಿತು. ಫಾರಂ ಮೇಲೆ ಅಂಗೈ ಇಟ್ಟುಬಿಟ್ಟೆ. ಪೆನ್ನಿನ ನಿಬ್ಬು ಚುಚ್ಚಿತು.

"ಬರೀಬೇಡಿ. ಅಂಥ ಗಿಡ ಇಲ್ಲ. ಕಾಡನ್ನು ನಾನು ರೈಲಿನ ಕಿಟಕಿಯಿಂದ ನೋಡಿದ್ದು, ಅದೂ ಅರ್ಧ ನಿದ್ದೆಯಲ್ಲಿ. ನನ್ನ ಉತ್ತರ ಮುಗಿದರೆ ನೀವು ಎದ್ದು ಹೋಗ್ತೀರಲ್ಲ ಅಂತ ಹೇಳ್ತಾ ಹೋದೆ."

ಅವಳು ಮೆಲ್ಲಗೆ ಪೆನ್ನು ಮುಚ್ಚಿದಳು. "ಗಿಡ ಸುಳ್ಳು ಅಂತ ಮೊದಲ ದಿನವೇ ಗೊತ್ತಿತ್ತು. ನನ್ನನ್ನು ನಗೆಪಾಟಲಾಗೋಕೆ ಬಿಡ್ತೀರೋ ಇಲ್ಲವೋ, ಅದು ಗೊತ್ತಿರಲಿಲ್ಲ. ನಾಳೆ ಮನೆಗೆ ಬನ್ನಿ. ಅಪ್ಪನ ಹತ್ತಿರ ಮಾತಾಡಿ."

ಆಗ ನಾನು ಸಿಂಹದಂತೆ ಎದ್ದು, ಅವಳ ಕೈ ಹಿಡಿದು, "ನಾಳೆಯೇಕೆ, ಚಲೋ, ಈಗಲೇ!" ಎಂದು ಗರ್ಜಿಸಿದೆ.

ಹೀಗೆಂದು ಈಗ, ಇಷ್ಟು ವರ್ಷಗಳ ಮೇಲೆ, ಬರೆದು ಮುಗಿಸಿದ್ದೆ. ಬೆನ್ನ ಹಿಂದೆ ನಿಂತು ಓದುತ್ತಿದ್ದ ವೈಜಯಂತಿ ನನ್ನ ಕಿವಿ ಹಿಡಿದಿದ್ದಾಳೆ. "ರೀ, ನಿಜ ಬರೀರಿ."

ನಿಜವೇನೆಂದರೆ, ನಾನು ಅತ್ತುಬಿಟ್ಟೆ. ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಮರುದಿನ ಅವಳ ಅಪ್ಪನ ಎದುರಿಗೂ ಹೊರಡಲಿಲ್ಲ. ಎಲ್ಲವನ್ನೂ ಅವಳೇ ಹೇಳಿದಳು.